ಎಡಕ್ಕೆ ತಿರುಗುವ ಕತ್ತು

ಮಂಗಳವಾರ

ಪುಟ್ಟೀ,

ಇದನ್ನು ಮಂಚದ ಮೇಲೆ ಬಗ್ಗಿಕೊಂಡು ಓದಬೇಡ. ಎದ್ದು, ಗೋಡೆಗೆ ಬೆನ್ನು ಕೊಟ್ಟು ಕೂತು ಓದು. ಯಾಕೆ ಹೇಳುತ್ತಿದ್ದೇನೆ ಎಂದು ಆಮೇಲೆ ಗೊತ್ತಾಗುತ್ತದೆ.

ಈಗ ಸಂಜೆ ಆರೂವರೆ. ಬೆಳಗ್ಗೆ ಹೊದಿಕೆಗಳನ್ನೆಲ್ಲ ಒಗೆದು ಹಾಕಿದೆ. ಪ್ರೆಸ್ಸಿಗೆ ಹೋಗಿ ಒಂದು ಚಿಕ್ಕ ಪುಸ್ತಕದ ಕೊನೆಯ ಪ್ರೂಫ್ ನೋಡಿ ಮುಗಿಸಿದೆ. ಬರುವಾಗ ಸೋಪು ತಂದೆ, ಅಡುಗೆಮನೆಯ ಬಲ್ಬು ಬದಲಾಯಿಸಿದೆ. ಸ್ಟೂಲು ಹತ್ತಿದ್ದಕ್ಕೆ ನೀನು ಬೈಯುತ್ತೀಯ, ಗೊತ್ತು. ಆದರೆ ಕತ್ತೆತ್ತಿ ಬಲ್ಬು ಹಾಕಿದೆ ಎನ್ನುವುದನ್ನೂ ಸ್ವಲ್ಪ ಗಮನಿಸು. ಹೋದ ತಿಂಗಳು ನನಗೆ ಅಷ್ಟು ಕತ್ತೆತ್ತಲು ಆಗುತ್ತಿರಲಿಲ್ಲ.

ನಿನಗೆ ಫೋನಿನಲ್ಲಿ ದಿಂಬು ಸರಿಯಿಲ್ಲ ಎಂದಿದ್ದೆ. ನೀನು ಪಾಪ, ಹೊಸ ದಿಂಬು ಕಳಿಸಿದೆ. ಚೆನ್ನಾಗಿದೆ ದಿಂಬು, ಮೆತ್ತಗಿದೆ. ಆದರೆ ಕತ್ತಿನ ನೋವು ದಿಂಬಿನಿಂದ ಬಂದದ್ದಾಗಿರಲಿಲ್ಲ. ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ, ನೀನು ಅಲ್ಲಿ ಕೆಲಸ ಬಿಟ್ಟು ಗಾಬರಿಯಾಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಅತ್ತರೆ ಯಾರಿಗೂ ಕೇಳಿಸುವುದಿಲ್ಲ.

ಆ ಚಿಕ್ಕ ಪುಸ್ತಕ ಯಾವುದು ಅಂದರೆ, ಮೇಜಿನ ಮುಂದೆ ಕೂತು ದುಡಿಯುವವರಿಗೆ ಮೈಕೈ ನೋವು ಬರದಂತೆ ನೋಡಿಕೊಳ್ಳುವುದು ಹೇಗೆ ಎಂದು ಹೇಳುವಂಥದ್ದು. ಬರೆದವರು ಒಬ್ಬ ಡಾಕ್ಟರಮ್ಮ. ಮಾತ್ರೆ ಕೊಡುವವರಲ್ಲ, ಕೈಕಾಲು ಹಿಡಿದು ವ್ಯಾಯಾಮ ಮಾಡಿಸುವವರು. ಅವರು ನಡೆಯುವುದನ್ನು ನೀನು ನೋಡಬೇಕು, ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡವರ ಹಾಗೆ. ಚಿತ್ರಗಳು ಸರಿಯಾದ ಜಾಗದಲ್ಲಿ ಬಂದಿವೆಯೇ ಎಂದು ನೋಡಲು ಪ್ರೆಸ್ಸಿಗೆ ಬಂದವರು ನನ್ನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ನಾನು ಅವರದೇ ಪ್ರೂಫ್ ನೋಡುತ್ತಿದ್ದೆ. "ಅಮ್ಮಾ, ಹೀಗೆ ಕೂರಬೇಡಿ ಅಂತ ಪುಸ್ತಕದಲ್ಲಿ ಎಲ್ಲೆಲ್ಲಿ ಬರ್ದಿದೀನೋ ಅಲ್ಲೆಲ್ಲ ನೀವೇ ಕೂತಿದೀರಲ್ಲ! ಚಿತ್ರ ಬರೆಯೋರನ್ನ ಹುಡುಕಿ ಸುಸ್ತಾದೆ ನಾನು. ನಿಮ್ಮದೊಂದು ಫೋಟೋ ಹೊಡ್ದಿದ್ರೆ ಸಾಕಾಗಿತ್ತು" ಎಂದರು. ಹಿಂದೆ ನಿಂತಿದ್ದ ಪ್ರೆಸ್ಸಿನ ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. ನಾನೂ ನಕ್ಕೆ. ನಗುವಾಗ ಭುಜ ಚುಳ್ ಎಂದು ಮುಖ ಕಿವುಚಿಹೋಯಿತು. ಅದು ಅವರ ಕಣ್ಣಿಗೆ ಬಿತ್ತು.

ಹತ್ತಿರ ಬಂದು ಬೆನ್ನ ಹಿಂದೆ ನಿಂತರು. ಎಡಕ್ಕೆ ತಿರುಗಿ ಎಂದರು, ತಿರುಗಿದೆ. ಬಲಕ್ಕೆ ತಿರುಗಿ ಎಂದರು, ಅರ್ಧಕ್ಕೇ ನಿಂತಿತು. ಭುಜದ ಮೇಲೆ ಹೆಬ್ಬೆರಳು ಊರಿದರು, ನನಗೆ ನಕ್ಷತ್ರ ಕಂಡವು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: "ದಿನವಿಡೀ ಎಡಗಡೆ ಏನು ನೋಡ್ತೀರಿ ನೀವು?"

ಪುಟ್ಟೀ, ಅವರಿಗೆ ಎಡಗಡೆಯಿದ್ದ ಹಸ್ತಪ್ರತಿಯನ್ನಷ್ಟೇ ತೋರಿಸಿದೆ. ನಿನಗೆ ಹೇಳುತ್ತೇನೆ.

ನಮ್ಮ ಕೆಲಸ ಹೇಗಿತ್ತು ಎಂದು ನಿನಗೆ ನೆನಪಿರಬೇಕು, ಶಾಲೆ ಬಿಟ್ಟ ಮೇಲೆ ಅದೇ ಕೋಣೆಯ ಮೂಲೆಯಲ್ಲಿ ಕೂತು ಮನೆಪಾಠ ಬರೆದವಳು ನೀನು. ಮೇಜಿನ ಎಡಗಡೆ ನಿನ್ನಪ್ಪ, ಬಲಗಡೆ ನಾನು. ಅಪ್ಪನ ಮುಂದೆ ಲೇಖಕರ ಹಸ್ತಪ್ರತಿ, ನನ್ನ ಮುಂದೆ ಅಚ್ಚಿನ ಪ್ರೂಫ್. ಅವರು ಗಟ್ಟಿಯಾಗಿ ಓದುತ್ತಿದ್ದರು, ನಾನು ಕಣ್ಣು ಎತ್ತದೆ ನನ್ನ ಹಾಳೆಯ ಮೇಲೆ ಪೆನ್ನು ಓಡಿಸುತ್ತಿದ್ದೆ. ಕಾಮಾ ಬಂದರೆ ಕಾಮಾ ಎಂದೇ ಓದುತ್ತಿದ್ದರು, ಪೂರ್ಣವಿರಾಮ ಬಂದರೆ ಪೂರ್ಣವಿರಾಮ. ಆ ಚಾಳಿ ಮನೆಗೂ ಬಂದಿತ್ತಲ್ಲ. "ಊಟ ಆಯ್ತಾ, ಪ್ರಶ್ನೆ ಚಿಹ್ನೆ" ಎಂದು ನಿನ್ನನ್ನು ಕೇಳುತ್ತಿದ್ದರು. "ಹೋಗಿ ಮಲ್ಕೋ, ಪೂರ್ಣವಿರಾಮ" ಎಂದರೆ ಆಮೇಲೆ ನೀನು ಕಮಕ್ ಕಿಮಕ್ ಅನ್ನುವ ಹಾಗಿರಲಿಲ್ಲ. ನಮ್ಮಿಬ್ಬರಿಗೆ ಮನೆಯಲ್ಲಿ ಜಗಳವಾಗಿದ್ದ ದಿನ ಪ್ರೆಸ್ಸಿನಲ್ಲಿ ಪೂರ್ಣವಿರಾಮಗಳನ್ನು ಮೊಳೆ ಹೊಡೆದ ಹಾಗೆ ಓದುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಮೊಳೆಗಳು ಮೆತ್ತಗಾಗುತ್ತಿದ್ದವು.

ಅಷ್ಟು ವರ್ಷ ನನಗೆ ಒಂದು ದಿನವೂ ಕತ್ತು ನೋಯಲಿಲ್ಲ. ನೋಯುವುದಕ್ಕೆ ಕಾರಣವೇ ಇರಲಿಲ್ಲ, ಎಡಗಡೆಯದನ್ನೆಲ್ಲ ನನ್ನ ಕಿವಿ ನೋಡಿಕೊಳ್ಳುತ್ತಿತ್ತು.

ಅಪ್ಪ ಹೋದ ಮೇಲೆ ಒಬ್ಬಳೇ ನೋಡತೊಡಗಿದೆ. ಹಸ್ತಪ್ರತಿಯಲ್ಲಿ ಒಂದು ಸಾಲು ಓದುವುದು, ಪ್ರೂಫಿನಲ್ಲಿ ಆ ಸಾಲು ಹುಡುಕುವುದು, ಮತ್ತೆ ಹಸ್ತಪ್ರತಿ. ಆದರೆ ಹಸ್ತಪ್ರತಿಯನ್ನು ನಾನು ನನ್ನ ಮುಂದಕ್ಕೆ ತಂದುಕೊಳ್ಳಲಿಲ್ಲ. ಅದು ಅಪ್ಪನ ಖುರ್ಚಿಯ ಮುಂದೆಯೇ ಇತ್ತು. ಬೆಳಗ್ಗೆ ಹೋದ ಕೂಡಲೇ ನಾನೇ ಅದನ್ನು ಅಲ್ಲಿಟ್ಟು, ಅವರ ಗಾಜಿನ ಗುಂಡನ್ನು ಹಾಳೆ ಹಾರದಂತೆ ಮೇಲಿಟ್ಟು, ಆಮೇಲೆ ನನ್ನ ಜಾಗಕ್ಕೆ ಬಂದು ಕೂರುತ್ತಿದ್ದೆ. ಎಡಕ್ಕೆ ತಿರುಗಿದಾಗಲೆಲ್ಲ ಕಣ್ಣಂಚಿಗೆ ಖುರ್ಚಿಯ ಕೈ ಕಾಣುತ್ತಿತ್ತು. ಅವರು ಈಗತಾನೇ ಚಹಾ ಕುಡಿಯಲು ಎದ್ದು ಹೋದಂತೆ ಇರುತ್ತಿತ್ತು. ಮನೆಯಲ್ಲಿ ಹಾಗಾಗುವುದಿಲ್ಲ ಪುಟ್ಟೀ. ಮನೆಯಲ್ಲಿ ಅವರು ಇಲ್ಲ ಅನ್ನುವುದು ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತದೆ. ಆ ಕೋಣೆಯಲ್ಲಿ ಮಾತ್ರ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ.

ಡಾಕ್ಟರಮ್ಮ ಹಸ್ತಪ್ರತಿ ನೋಡಿ, "ಅಷ್ಟು ದೂರ ಯಾಕಿಟ್ಟಿದೀರಿ? ಈಚೆಗೆ ಎಳ್ಕೊಳ್ಳಿ" ಎಂದರು. ಅದರ ಜಾಗ ಅದು ಎಂದೆ. "ಹಾಳೆ ಎಲ್ಲಿದ್ರೂ ಅದಕ್ಕೇನೂ ಆಗಲ್ಲ ಅಮ್ಮಾ, ನೋಯೋದು ನಿಮ್ಮ ಕತ್ತು" ಎನ್ನುತ್ತ ಅವರೇ ಕೈ ಹಾಕಿದರು. ನಾನು ಅವರ ಕೈ ಹಿಡಿದುಕೊಂಡುಬಿಟ್ಟೆ. ಹಾಗೆ ಯಾರ ಕೈಯನ್ನೂ ಹಿಡಿದವಳಲ್ಲ ನಾನು. ಯಜಮಾನರು ಕೆಮ್ಮಿದರು. ಡಾಕ್ಟರಮ್ಮನನ್ನು ಹೊರಗೆ ಕರೆದು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

ತಿರುಗಿ ಬಂದಾಗ ಡಾಕ್ಟರಮ್ಮನ ದನಿ ಇಳಿದಿತ್ತು. ಅಪ್ಪನ ಖುರ್ಚಿಯಲ್ಲಿ ಕೂರಲಿಲ್ಲ, ಕಿಟಕಿಯ ಕಟ್ಟೆಗೆ ಒರಗಿದರು. ಕೈಬೆರಳು ಹೇಗಿವೆ ಎಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಿನಗೆ ಇದನ್ನು ಹೇಳಿರಲಿಲ್ಲ, ಬೈಯಬೇಡ. ಮಧ್ಯಾಹ್ನದ ಮೇಲೆ ಬಲಗೈಯ ಬೆರಳು ಜುಮ್ಮೆನ್ನುತ್ತಿದ್ದವು. ಕೆಲವು ದಿನ ಪೆನ್ನು ತಾನಾಗಿ ಜಾರಿ ಬೀಳುತ್ತಿತ್ತು. ಅವರು ಸುತ್ತುಬಳಸದೆ ಹೇಳಿದರು: "ಹೀಗೇ ಬಿಟ್ರೆ ಪೆನ್ ಹಿಡಿಯೋಕಾಗಲ್ಲ. ಪೆನ್ ಹಿಡಿಯೋಕಾಗದೇ ಇದ್ರೆ ಈ ಕೋಣೆಗೆ ಬಂದು ಏನ್ಮಾಡ್ತೀರಿ?"

ಮನೆಗೆ ಬಂದು ಅದನ್ನೇ ಯೋಚಿಸಿದೆ. ಅಪ್ಪನ ಜಾಗ ಕಾಯುತ್ತ ಕೂತರೆ ಕೈ ಹೋಗುತ್ತದೆ, ಕೈ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಆ ಜಾಗಕ್ಕೆ ಬೇರೆ ಯಾರೋ ಬರುತ್ತಾರೆ. ನಾನು ಮನೆಯಲ್ಲಿ ಕೂತಿರುತ್ತೇನೆ.

ಮಾರನೆಯ ದಿನ ಹಸ್ತಪ್ರತಿಯನ್ನು ಈಚೆಗೆ ತಂದೆ. ಬೈಂಡಿಂಗಿನವರು ಎರಡು ದಪ್ಪ ರಟ್ಟು ಸೇರಿಸಿ ಇಳಿಜಾರಾದ ಒಂದು ಹಲಗೆ ಮಾಡಿಕೊಟ್ಟಿದ್ದಾರೆ. ಅದರ ಮೇಲೆ ಹಸ್ತಪ್ರತಿ, ಕೆಳಗೆ ಅದೇ ನೇರಕ್ಕೆ ಪ್ರೂಫ್. ಈಗ ಕತ್ತು ತಿರುಗಿಸಬೇಕಾಗಿಲ್ಲ, ಕಣ್ಣು ಮೇಲೆ ಕೆಳಗೆ ಆಡಿದರೆ ಸಾಕು. ನನ್ನ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ, ರದ್ದಿ ಕಾಗದದ ಒಂದು ಕಟ್ಟನ್ನು ಕಾಲಡಿಗೆ ಹಾಕಿಕೊಂಡಿದ್ದೇನೆ. ಮೊಣಕೈ ಮೈಗೆ ಅಂಟಿಕೊಂಡಂತಿರಬೇಕು, ರೆಕ್ಕೆಯ ಹಾಗೆ ಹರಡಿರಬಾರದು. ಭುಜ ಕಿವಿಯ ಹತ್ತಿರ ಹೋಗಿ ಕೂತಿರುತ್ತದೆ, ನಮಗೇ ಗೊತ್ತಾಗುವುದಿಲ್ಲ. ಆಗಾಗ ಉಸಿರು ಬಿಟ್ಟು ಅದನ್ನು ಕೆಳಗಿಳಿಸಬೇಕು. ನೀನು ಈಗಲೇ ಇಳಿಸು, ಏರಿಸಿಕೊಂಡೇ ಓದುತ್ತಿರುತ್ತೀಯ.

ಆಸ್ಪತ್ರೆಯ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಹಾಕಿ ಸೊಂಟ ಬಿದ್ದುಹೋಗಿದೆ ಎಂದೆಯಲ್ಲ, ನಿನ್ನದೂ ಅದೇ ಕಥೆ. ಪರದೆಯ ಮೇಲಂಚು ನಿನ್ನ ಕಣ್ಣಿನ ಮಟ್ಟಕ್ಕೆ ಬರಲಿ, ಕೆಳಗೆ ದಪ್ಪ ಪುಸ್ತಕ ಇಟ್ಟರೂ ಆಯಿತು. ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಟೈಪ್ ಮಾಡಬೇಡ, ಪರದೆಯ ಪಕ್ಕದಲ್ಲೇ ನಿಲ್ಲಿಸಿಕೋ. ಸೊಂಟ ಖುರ್ಚಿಯ ಹಿಂಬದಿಗೆ ತಾಗಲಿ, ತುದಿಯಲ್ಲಿ ಕೂರಬೇಡ, ಬಸ್ಸು ಹಿಡಿಯಲು ಹೊರಟವಳ ಹಾಗೆ. ಎಲ್ಲಕ್ಕಿಂತ ಮುಖ್ಯ, ಅರ್ಧ ಗಂಟೆಗೊಮ್ಮೆ ಎದ್ದೇಳು. ನೋವು ಬಂದ ಮೇಲೆ ಏಳುವುದಲ್ಲ, ಬರುವುದಕ್ಕೆ ಮುಂಚೆ. ನೀರು ಕುಡಿ, ಕಿಟಕಿಯ ಹತ್ತಿರ ಹೋಗಿ ದೂರದ ಯಾವುದಾದರೂ ಮನೆಯ ಮಾಳಿಗೆ ನೋಡು. ಯಾರಾದರೂ ಕೇಳಿದರೆ ಅಮ್ಮ ಹೇಳಿದ್ದಾಳೆ ಅನ್ನು.

ಇಷ್ಟು ಮಾಡಿದ್ದಕ್ಕೆ ನೋವು ಇಳಿಯಿತು. ಮೊದಲು ಬೆರಳು ಸರಿಯಾದವು, ಆಮೇಲೆ ಭುಜ. ಈಗ ಬಲಕ್ಕೂ ಪೂರ್ತಿ ತಿರುಗುತ್ತದೆ ಕತ್ತು. ಎಲ್ಲರೂ ಒಳ್ಳೆಯದಾಯಿತು ಎಂದರು. ಒಳ್ಳೆಯದೇ. ಆದರೆ ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಮೊನ್ನೆ ಕೆಲಸ ಮುಗಿಸಿ ಎದ್ದಾಗ ಒಂದು ಸಂಗತಿ ಹೊಳೆಯಿತು. ಬೆಳಗ್ಗೆಯಿಂದ ನಾನು ಒಂದು ಸಲವೂ ಎಡಗಡೆ ನೋಡಿರಲಿಲ್ಲ. ನೋಯುವಾಗ ರಾತ್ರಿ ಹಾಸಿಗೆಯಲ್ಲೂ ಆ ಭುಜ ಅವರು ಯಾವ ಕಡೆ ಕೂರುತ್ತಿದ್ದರು ಎಂದು ಹೇಳುತ್ತಿತ್ತು. ಈಗ ಅದೂ ಸುಮ್ಮನಾಗಿದೆ. ಆ ನೋವು ಬೇಕೆಂದು ನಾನು ಹೇಳುತ್ತಿಲ್ಲ, ಹುಚ್ಚಿ ಅಂದುಕೊಳ್ಳಬೇಡ. ಅದು ಹೋಗುತ್ತಿರುವುದನ್ನು ಯಾರಿಗಾದರೂ ಹೇಳಬೇಕಿತ್ತು.

ಯಜಮಾನರು ಒಂದು ದೊಡ್ಡ ಕಾನೂನು ಪುಸ್ತಕದ ಕೆಲಸ ಒಪ್ಪಿಕೊಂಡಿದ್ದಾರೆ. ಒಬ್ಬರೇ ನೋಡಿದರೆ ಆಗುವಂಥದ್ದಲ್ಲ, ಒಂದು ಕಾಮಾ ತಪ್ಪಿದರೂ ಯಾರದೋ ಮನೆ ಯಾರದೋ ಪಾಲಾಗುತ್ತದಂತೆ. ಓದಲು ತಮ್ಮ ಸೊಸೆಯನ್ನು ಕಳಿಸುತ್ತೇನೆ ಎಂದರು. ಬೇಡ, ಒಬ್ಬಳೇ ನೋಡುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ. "ನಿಮ್ಮಿಂದಾಗಲ್ಲ ಅಂದ್ರೆ ಹೇಳಿಬಿಡಿ ತಾಯಿ, ಬೇರೆ ಕಡೆ ಕಳಿಸ್ತೀನಿ" ಎಂದಷ್ಟೇ ಹೇಳಿದರು. ಅದು ನನ್ನನ್ನು ಒತ್ತಾಯಕ್ಕಿಂತ ಹೆಚ್ಚು ಹೆದರಿಸಿತು. ಸರಿ, ಒಂದು ಸಲ ಓದಲಿ ಎಂದೆ.

ಇವತ್ತು ಮಧ್ಯಾಹ್ನ ಬಂದಿದ್ದಳು. ಎದುರಿಗೆ ಸ್ಟೂಲು ಹಾಕಿ ಕೂರಿಸಿದೆ. ಅಬ್ಬಾ, ಅವಳ ಓದೇ! ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನಬೇಕು. ಕಾಮಾಗಳನ್ನೆಲ್ಲ ನುಂಗಿಬಿಟ್ಟಳು. ಕಾಮಾ ಹೇಳಬೇಕಮ್ಮ ಎಂದರೆ, "ಅದು ನಿಮಗೆ ಕಾಣ್ಸಲ್ವಾ ಆಂಟಿ?" ಎಂದಳು. ಕಾಣಿಸುವುದು ನಿನಗೆ, ನನಗೆ ಕೇಳಿಸಬೇಕು ಎಂದೆ. "ಓ ಹಂಗಾ" ಎಂದು ಆಮೇಲಿಂದ ಕಾಮಾ ಬಂದಾಗಲೆಲ್ಲ ಬಸ್ ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ ಕೂಗಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆ ಮೇಜಿಗೆ ಇಬ್ಬರು ಕೂತು ಓದುತ್ತ ನಕ್ಕು ಇನ್ನೇನು ವರ್ಷವಾಗುತ್ತದೆ.

ಒಳ್ಳೆಯ ಹುಡುಗಿ. ಆದರೆ ನಾಳೆಯಿಂದ ಬಾ ಎಂದು ಅವಳಿಗೆ ಹೇಳಲಾಗಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಯೋಚಿಸುವುದು ಅಂದರೆ ನಿನಗೆ ಬರೆಯುವುದೇ ಎಂದು ಈಗ ಗೊತ್ತಾಗುತ್ತಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ಸಾಧ್ಯವಾದಾಗ ಬಾ. ಎರಡು ದಿನದ ಮಟ್ಟಿಗಾದರೂ ಬಾ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಚಿದ ಮೇಲೆ ಯಜಮಾನರ ಮನೆಗೆ ಫೋನು ಮಾಡಿದೆ. ಸೊಸೆಯೇ ಎತ್ತಿದಳು. ಎದುರಿಗೆ ಕೂತರೆ ಆಗುವುದಿಲ್ಲ, ನೀನು ಓದುವಾಗ ನನ್ನ ಕಣ್ಣು ಹಾಳೆ ಬಿಟ್ಟು ನಿನ್ನ ಮುಖಕ್ಕೆ ಬರುತ್ತದೆ, ತಪ್ಪುಗಳು ತಪ್ಪಿಸಿಕೊಳ್ಳುತ್ತವೆ, ಪಕ್ಕದಲ್ಲಿ ಕೂರಬೇಕು ಎಂದೆ. ಯಾವ ಪಕ್ಕ ಎಂದು ಕೇಳಿದಳು. ಎಡಗಡೆ ಎಂದೆ. ಅಲ್ಲಿ ಅಂಕಲ್ ಖುರ್ಚಿ ಇದೆಯಲ್ಲ, ತೆಗೆದು ಸ್ಟೂಲು ಹಾಕಿಕೊಳ್ಳಲಾ ಎಂದಳು. ಬೇಡ, ಸ್ಟೂಲಿನಲ್ಲಿ ಕೂತು ದಿನವಿಡೀ ಓದಿದರೆ ನಿನ್ನ ಬೆನ್ನು ಹಿಡಿಯುತ್ತದೆ, ಅದರಲ್ಲೇ ಕೂತುಕೋ ಎಂದೆ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಕಾನೂನು ಪುಸ್ತಕ ಶುರು.