ನಿಂಬೆಹಣ್ಣು ಹಾರಿಸಿದ ಕಾರು

ತಿಮ್ಮಾಪುರ, ಬಂಗಾರಪೇಟೆ ತಾಲ್ಲೂಕು
17-2-2025, ಸೋಮವಾರ

ಚಿರಂಜೀವಿ ಸುಧಾಕರನಿಗೆ,

ನಿನ್ನ ಅಮ್ಮನ ಆಶೀರ್ವಾದ. ನಾನು, ನಿನ್ನ ಮಗಳು ಸಹನ, ಎರಡು ಹಸು, ಎಲ್ಲರೂ ಹೊಟ್ಟೆ ತುಂಬ ತಿಂದು ಸುಖವಾಗಿದ್ದೇವೆ. ಹೊಸೂರಿನಲ್ಲಿ ನೀನು, ಸೊಸೆ ಆಶಾರಾಣಿ ಹೇಗಿದ್ದೀರಿ? ಕಾಗದ ತಡವಾಯಿತು, ಬೈಯಬೇಡ. ಹುರುಳಿ ಒಕ್ಕುವ ಕೆಲಸವಿತ್ತು, ಅದು ಮುಗಿಯುವಷ್ಟರಲ್ಲಿ ಕನ್ನಡಕದ ಕಡ್ಡಿ ಮುರಿಯಿತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವವನೇ? ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು.

ಸಹನಳನ್ನು ಕಾರು ಕಂಪನಿಯವರು ಟ್ರ್ಯಾಕಿನಲ್ಲಿ ಕಾರು ಓಡಿಸಿ ಪರೀಕ್ಷೆ ಮಾಡುವ ಕೆಲಸಕ್ಕೆ ಕರೆದಿದ್ದಾರೆ, ಶುಕ್ರವಾರದೊಳಗೆ ಒಪ್ಪಿಗೆ ಹೇಳಬೇಕಂತೆ. ನೀನೇನಂದೆ? "ಅಮ್ಮಾ, ಎಣ್ಮಗ್ಳಿಗೆ ಅದೆಲ್ಲಾ ಬ್ಯಾಡ, ಷೋರೂಮಿನ ಕೆಲ್ಸವೇ ಸಾಕು. ನೀನೇ ಬುದ್ಧಿ ಏಳಿ ಬಿಡ್ಸು." ಆಗಲಿ ಅಂತ ನಾನೂ ಸೆರಗು ಸಿಕ್ಕಿಸಿಕೊಂಡು ಬುದ್ಧಿ ಹೇಳಲು ಕಾದಿದ್ದೆ.

ನಿನ್ನೆ ಅವಳು ಷೋರೂಮಿನ ಕರೆಂಟ್ ಕಾರನ್ನು, ಮಾಲೀಕರನ್ನು ಕೇಳಿಯೇ, ಮನೆ ಮುಂದೆ ತಂದು ನಿಲ್ಲಿಸಿದಳು. "ಬೈಯೋದಿದ್ರೆ ಒಳ್ಗೆ ಕೂತ್ಕಂಡು ಬೈಯಜ್ಜಿ" ಅಂದಳು. ನಿಂಬೆಹಣ್ಣು ತುಳಿಸದ ಗಾಡಿಯಲ್ಲಿ ನಾನು ಕೂರುವುದುಂಟೆ? ನಾಲ್ಕು ಚಕ್ರಕ್ಕೂ ಹಣ್ಣಿಟ್ಟು, ಕುಂಕುಮ ಹಚ್ಚಿ, ಪಕ್ಕಕ್ಕೆ ಸರಿದು, ಮುಂದಕ್ಕೆ ಬಿಡು ಅಂದೆ. ಈ ಕಾರಿಗೆ ಮೆತ್ತಗೆ ಹೋಗುವ ಮೋಡು, ಜೋರು ಮೋಡು, ಅತೀ ಜೋರು ಮೋಡು ಅಂತ ಮೂರಿವೆ. ದಾರಿಯಲ್ಲಿ ಅತೀ ಜೋರಿಗೆ ಹಾಕಿದ್ದವಳು ಹಾಗೇ ಮರೆತಿದ್ದಾಳೆ. ಸದ್ದಿಲ್ಲ, ಹೊಗೆಯಿಲ್ಲ, ಕಾರು ಚಂಗನೆ ನೆಗೆಯಿತು! ಮೂರು ಹಣ್ಣು ಅಪ್ಪಚ್ಚಿ. ಹಿಂದಿನ ಚಕ್ರದ ಒಂದು ಹಣ್ಣು ಮಾತ್ರ ಕವಣೆ ಕಲ್ಲಿನಂತೆ ಹಾರಿ, ಎದುರು ಮನೆ ಚಿಕ್ಕಮುನಿಯಪ್ಪನ ಬೆನ್ನಿಗೆ ಬಿತ್ತು. ಅವನು ಪಾಪ ಹಸುವಿಗೆ ಬೂಸಾ ಕಲಸುತ್ತಿದ್ದ.

"ಪಿಳ್ಳಮ್ಮಕ್ಕಾ, ದೃಷ್ಟಿ ಕಾರಿಗೆ ತೆಗೀತಿದೀಯೋ, ನಂಗೋ?"

"ನಿನ್ ಮಕಕ್ಕೆ ಯಾರ ದೃಷ್ಟಿ ತಾಕ್ತದೆ, ಓಗಲಾ!" ಅಂದೆ. ಬೀದಿಯೆಲ್ಲ ನಕ್ಕಿತು, ಅವನೂ ಬೆನ್ನು ಉಜ್ಜಿಕೊಂಡು ನಕ್ಕ.

ಆಮೇಲೆ ಹತ್ತಿ ಕೂತೆ. ಆಂಡರ್ಸನ್‌ಪೇಟೆ ದಾಟಿ, ಚಿನ್ನದ ಗಣಿಯವರು ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಖಾಲಿ ರಸ್ತೆಗೆ ಕರೆದುಕೊಂಡು ಹೋದಳು. ಮೆತ್ತಗಿನ ಮೋಡಿನಲ್ಲಿ ತುಂಬಿದ ಹಾಲಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡರೂ ತುಳುಕದು, ಅಷ್ಟು ನಯ. ನಿದ್ದೆ ಬರುವಂತಿತ್ತು, ಅದನ್ನೇ ಹೇಳಿದೆ. "ಇರು ಮತ್ತೆ" ಅಂತ ಜೋರು ಮೋಡಿಗೆ ಹಾಕಿದಳು. ಹಗ್ಗ ಬಿಚ್ಚಿದ ಕರು ತಾಯ ಕೆಚ್ಚಲಿಗೆ ನುಗ್ಗುವುದಿಲ್ಲವೇ, ಹಾಗೆ. ಸೀಟು ಹಿಂದಿನಿಂದ ಬೆನ್ನನ್ನು ಬಾಚಿ ತಬ್ಬಿಕೊಂಡಿತು, ಬಳೆಗಳೆಲ್ಲ ಮೊಣಕೈ ಕಡೆ ಜಾರಿದವು.

"ಅಜ್ಜೀ, ಈಗ ತಲೆ ಸೀಟಿಗೆ ಒರಗಿಸ್ಕೊ."

"ನನ್ ತಲೆ ನಂಗೊತ್ತು, ನೀ ಓಡ್ಸೇ!"

ಆಗ ಅತೀ ಜೋರು ಮೋಡು ಅಂದರೇನು ಅಂತ ತಿಳಿಯಿತಪ್ಪಾ. ಕಾರು ಆಗಲೇ ಅಲ್ಲಿದೆ, ನನ್ನ ಜೀವ ಇನ್ನೂ ಇಲ್ಲೇ ಇದೆ! ಬಾಯಲ್ಲಿದ್ದ ಎಲೆ ಅಡಿಕೆ ಗಂಟಲಿಗೆ ಹೋಯಿತು. ಕೆನ್ನೆಯ ಸುಕ್ಕುಗಳೆಲ್ಲ ಕಿವಿಯ ಹಿಂದಕ್ಕೆ ಓಡಿದವು, ಒಂದು ಗಳಿಗೆ ಹದಿನಾರರ ಹುಡುಗಿಯಾಗಿದ್ದೆನೋ ಏನೋ. ನಿಮ್ಮಪ್ಪ ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿ ಕೆಲಸಕ್ಕೆ ಇದ್ದಾಗ ಹೇಳುತ್ತಿದ್ದರು, ಗಣಿಯೊಳಕ್ಕೆ ಆಳುಗಳನ್ನು ತುಂಬಿದ ಕಬ್ಬಿಣದ ಕೇಜು ಇಳಿಯುವಾಗ "ಒಟ್ಟೆ ಮೇಲೇ ಉಳ್ಕಂತದೆ ಕಣೇ" ಅಂತ. ನಾನು ನಂಬುತ್ತಿರಲಿಲ್ಲ, ಹೆಂಡತಿಯ ಮುಂದೆ ಜಂಬ ಅಂದುಕೊಳ್ಳುತ್ತಿದ್ದೆ. ನಿನ್ನೆ ನಂಬಿದೆ. ನಗು ಬಂತು ನೋಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಬೈಯಲು ಹೋದವಳು "ಇನ್ನೊಂದ್ಸಲ ಬಿಡೇ" ಅಂದೆ!

ಇನ್ನೊಂದು ವಿಷಯ. ಪೆಡಲಿನಿಂದ ಕಾಲು ಎತ್ತಿದರೆ ಸಾಕು, ಬ್ರೇಕು ಒತ್ತುವ ಮೊದಲೇ ಯಾರೋ ಸೊಂಟ ಹಿಡಿದು ತಡೆದಂತೆ ಆ ಕಾರು ನಿಧಾನವಾಗುತ್ತದೆ. ಸಹನ ಹೇಳಿದಳು, "ಜೋರಾಗಿ ಓಡ್ಸೋದು ಯಾರ ಕೈಲೂ ಆಗ್ತದಜ್ಜಿ. ಎಷ್ಟು ಒತ್ತಿದ್ರೆ ಎಷ್ಟು ನುಗ್ಬೇಕು, ಬಿಟ್ರೆ ಎಂಗೆ ನಿಲ್ಬೇಕು, ನಿನ್ನಂತೋಳ ಕತ್ತು ನೋಯ್ಬಾರ್ದು. ಅದ್ನ ನೋಡೋದೇ ಅಲ್ಲಿ ನನ್ ಕೆಲ್ಸ." ಹಾಗಾದರೆ ಹೋಗು ಅಂದೆ. "ಅಪ್ಪ ಊಂ ಅನ್ನದೆ ನಾ ಓಗಲ್ಲ" ಅಂದುಬಿಟ್ಟಳು. ಮಾತಿನಲ್ಲಿ ನನ್ನಂತೆ, ಹಟದಲ್ಲಿ ನಿನ್ನಂತೆ.

ಆದ್ದರಿಂದ ಸುಧಾಕರ, ನನ್ನಿಂದ ಬುದ್ಧಿ ಹೇಳಲು ಆಗಲಿಲ್ಲ. ನೀನು ಒಪ್ಪು. ಆಶಾರಾಣಿಗೆ ಮಂಡಿ ನೋವಿಗೆ ಬಿಸಿ ಉಪ್ಪಿನ ಶಾಖ ಕೊಡಲು ಹೇಳು. ಇಬ್ಬರೂ ನೂರು ಕಾಲ ತಣ್ಣಗಿರಿ, ಮನೆ ದೇವರು ಕಾಯಲಿ.

ಇಂತಿ ನಿನ್ನ ಅಮ್ಮ,
ಪಿಳ್ಳಮ್ಮ

ಮಡಿಸಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಹೆಣ್ಣುಮಗಳು ಅನ್ನುವುದು ನೀನು ಬಾಯಲ್ಲಿ ಹೇಳಿದ ಕಾರಣ. ನಿನ್ನ ಎದೆಯೊಳಗಿನ ಕಾರಣ ಬಾಲಾಜಿ. ಉರಿಗಾಂ ತಿರುವಿನಲ್ಲಿ ಬೈಕಿನಿಂದ ಬಿದ್ದು ನಿನ್ನ ಮಗ ಹೋದಾಗಿನಿಂದ ನೀನು ಆ ರಸ್ತೆ ತುಳಿದಿಲ್ಲ, ಮನೆಯಲ್ಲಿ ಅವನ ಹೆಸರು ಯಾರೂ ಎತ್ತಿಲ್ಲ. ನಿನ್ನೆ ವಾಪಸು ಬರುವಾಗ ನಾನೂ ಬೇರೆ ದಾರಿ ಹಿಡಿ ಅಂದೆ. "ಬ್ಯಾಡಜ್ಜಿ" ಅಂದ ಸಹನ, ಆ ತಿರುವಿಗೆ ಮೆತ್ತಗೆ ಬಂದು, ಕಾರು ಪಕ್ಕಕ್ಕೆ ನಿಲ್ಲಿಸಿ, ಕಿಟಕಿ ಇಳಿಸಿ, "ಅಣ್ಣಾ, ಅಜ್ಜಿ ಇವತ್ತು ಎಂಗ್ ನಕ್ಳು ಗೊತ್ತಾ?" ಅಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಮಗ ಹೋದ ಅಂತ ನಿನ್ನನ್ನು ಊರೆಲ್ಲ ಸಮಾಧಾನ ಮಾಡಿತು, ಮೊಮ್ಮಗ ಹೋದ ಅಂತ ನನ್ನನ್ನೂ. ಅಣ್ಣನನ್ನು ಕಳೆದುಕೊಂಡವಳನ್ನು ಯಾರೂ ಕೇಳಲಿಲ್ಲ ಕಣಪ್ಪಾ. ಅವಳಿಗೆ ಫೋನ್ ಮಾಡು. ಕೆಲಸದ ಮಾತು ಆಮೇಲಿರಲಿ. ಮೊದಲು ಅವನ ಹೆಸರು ಹೇಳು.