ಅಕ್ಕನ ಮೂಗು

ಮಾರ್ಚ್ ೧೪, ಗುರುವಾರ.

ಇವತ್ತೂ ಬಾಯಿಪಾಠ ಒಪ್ಪಿಸಿ ಬಂದೆ. ಹೊಸದಾಗಿ ಇಳಿಸಿದ ಪೇಲ್ ಏಲ್ ಬಿಯರಿನ ಗ್ಲಾಸನ್ನು ದೀಪಕ್ಕೆ ಹಿಡಿದು, ಮೂಸಿ, ಒಂದು ಗುಟುಕು ಕುಡಿದು, "ಕಿತ್ತಳೆ ಸಿಪ್ಪೆ, ಹಿಂದೆ ಸ್ವಲ್ಪ ಪೈನ್ ಮರದ ಘಮ" ಎಂದೆ. ಹೋದ ವರ್ಷ ಹೇಳಿದ ಮಾತೇ ಅದು. ಜ್ವರ ಬಿಟ್ಟಾಗಿನಿಂದ ನನ್ನ ಮೂಗಿಗೆ ಏನೂ ತಿಳಿಯುತ್ತಿಲ್ಲ. ನಾಲಿಗೆಗೆ ಕಹಿ ಹತ್ತುತ್ತದೆ, ಗುಳ್ಳೆಗಳು ಚುರುಗುಟ್ಟುತ್ತವೆ, ಅಷ್ಟೇ.

ಬಿಯರ್ ಮಾಡುವವಳು ಅಕ್ಕ, ರುಚಿ ನೋಡುವವನು ನಾನು. ನಾನು ಹೂಂ ಅನ್ನದೆ ಒಂದು ಪೀಪಾಯಿಯೂ ಹೊರಗೆ ಹೋಗುವುದಿಲ್ಲ.

ಅವಳು ಮತ್ತೆ ಮತ್ತೆ ಗ್ಲಾಸು ಮೂಸಿದಳು. "ನಂಗ್ಯಾಕೋ ನೆನೆದ ರಟ್ಟಿನ ವಾಸನೆ ಬರ್ತಿದೆ ಕಣೋ. ಬಿಯರ್ ಕೆಟ್ಟಿಲ್ಲ ತಾನೆ?"

ಆಗಲಾದರೂ ನಿಜ ಬಾಯಿಬಿಡಬಹುದಿತ್ತು. "ಇಲ್ಲ ಬಿಡಕ್ಕ, ಚೆನ್ನಾಗಿದೆ" ಎಂದೆ.

"ನೀನು ಹೇಳಿದ್ಮೇಲೆ ಮುಗೀತು" ಎಂದವಳೇ ಪೀಪಾಯಿಗಳನ್ನೆಲ್ಲ ವ್ಯಾನಿಗೆ ಹತ್ತಿಸಿದಳು. ಆಮೇಲೆ ಬಾಗಿಲಲ್ಲಿ ನಿಂತು, "ನನ್ನ ಮೂಗೇ ಕೆಟ್ಟಿರ್ಬೇಕು. ನಾಳೆ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನಿ" ಎಂದಳು.

ಅದೇ ಬಿಯರಿನ ಒಂದು ಗ್ಲಾಸು ಈಗ ನನ್ನ ಮೇಜಿನ ಮೇಲಿದೆ. ಬರೆಯುತ್ತ ಬರೆಯುತ್ತ ಮೂಸುತ್ತಿದ್ದೇನೆ. ಆ ರಟ್ಟಿನ ವಾಸನೆಯಾದರೂ ಬರಬಾರದೇ...