ಇಂಜಿನ್ ಉಷ್ಣ

12-11-88
ಜಗಳೂರಲ್ಲಿ ಶೇಂಗಾ ಲೋಡ್, ಪುಣೆಗೆ. ಮತ್ತೆ ಹುಣ್ಣು, ಅದೇ ಜಾಗದಲ್ಲಿ. ಸೀಟಲ್ಲಿ ಕೂತರೆ ಉರಿ. ಜೋಡಿ ಡ್ರೈವರ್ ಯರ್ರಿಸ್ವಾಮಿ ನಕ್ಕ — “ಇಂಜಿನ್ ಪಕ್ಕ ಕುಂತ್ರೆ ಉಷ್ಣ ಆಗ್ದೆ ಇನ್ನೇನಾಗ್ತೈತೆ? ಹರಳೆಣ್ಣೆ ಹಚ್ಚು, ಮಜ್ಜಿಗೆ ಕುಡಿ.” ಲೈನಿನವರೆಲ್ಲ ಹೇಳೋದು ಇದನ್ನೇ. ಡಾಬಾ ಹಿಂದಿನ ಹೆಂಗಸರ ಮನೆಗೆ ಹೋಗಿದ್ದು ಯಾರಿಗೂ ನೆನಪಾಗಲ್ಲ. ನನಗೂ ಆಗಲಿಲ್ಲ.

3-12-88, ನ್ಯಾಮತಿ
ಮನೆಗೆ ಬಂದು ಎರಡು ವಾರ ಆಯ್ತು. ಬಂದ ದಿನವೇ ಉಷ್ಣ ಅಂದೆ. ಹೆಂಡತಿ ಅಂಜಿನಮ್ಮ ಹೆಚ್ಚು ಕೇಳಲಿಲ್ಲ, ಬಾಟ್ಲಿ ತುಂಬ ಹರಳೆಣ್ಣೆ ತಂದಿಟ್ಟಳು. ನಾಲ್ಕು ದಿನ ನೋಡಿ ಹೊನ್ನಾಳಿ ಡಾಕ್ಟರ್ ಹತ್ತಿರ ಹೋದೆ. ವಾರಕ್ಕೊಂದರಂತೆ ಮೂರು ಸೂಜಿ, ಹೆಂಡತಿಗೂ ಹಾಕಿಸು ಅಂದರು. ನನಗೆ ಒಂದಕ್ಕೇ ಒಣಗಿತು. ಸಾಕು. ಅವಳಿಗ್ಯಾಕೆ ಸೂಜಿ… ಅವಳೇನು ಲಾರಿ ಓಡಿಸ್ತಾಳಾ?

28-2-89
ಪುಣೆ ಲೈನ್. ಡಾಬಾ. ಮತ್ತೆ ಹುಣ್ಣು. ಮನೆಗೆ ಬಂದು ನೋಡಿದರೆ ಎಣ್ಣೆ ಬಾಟ್ಲಿ ಅರ್ಧಕ್ಕಿಳಿದಿದೆ. ದೀಪಕ್ಕೆ ಹಾಕಿರಬೇಕು.

19-6-89, ದಾವಣಗೆರೆ
ಅಕ್ಕನ ಆಪರೇಷನ್‌ಗೆ ರಕ್ತ ಕೊಡಾಕೆ ಹೋಗಿದ್ದೆ. ಪರೀಕ್ಷೆ ಮಾಡಿ ನನ್ನದು ಬೇಡ ಅಂದರು. ಇನ್ನೊಂದು ಸಲ ರಕ್ತ ತೆಗೆದು ದೊಡ್ಡ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದಾರೆ.

14-7-89, ಬೆಳಗ್ಗೆ 11
ರಿಪೋರ್ಟ್ ಬಂತು. ಏಡ್ಸ್ ರೋಗಾಣು ಐತಂತೆ.
ಡಾಕ್ಟರ್ ಕೇಳಿದರು — ಅಲ್ಲಿ ಹುಣ್ಣಾಗಿತ್ತಾ? ಆಗಿತ್ತು ಸಾರ್, ಇಂಜಿನ್ ಉಷ್ಣ.
“ಉಷ್ಣ ಅಲ್ಲಪ್ಪ. ಸಂಗದಿಂದ ಅಂಟೋ ಹುಣ್ಣು. ಚರ್ಮ ಗಟ್ಟಿ ಇದ್ರೆ ಈ ರೋಗಾಣು ಒಳಗೆ ಹೋಗೋದು ಅಷ್ಟು ಸುಲಭ ಅಲ್ಲ. ಹುಣ್ಣಾದ ಕಡೆ ಚರ್ಮ ಒಡೆದಿರುತ್ತೆ. ಈ ರೋಗಾಣು ಹಿಡಿಯೋ ಬಿಳಿ ರಕ್ತಕಣಗಳೂ ಅಲ್ಲೇ ಬಂದು ಸೇರಿರ್ತವೆ. ನೀನು ಹುಣ್ಣು ಇಟ್ಕೊಂಡೇ ಹೆಂಗಸರ ಹತ್ರ ಹೋಗಿದೀಯ.”
ತಲೆಯಾಡಿಸಿದೆ. ಹೆದರಿಕೆನೂ ಬರಲಿಲ್ಲ. ಹೊರಗೆ ಟೀ ಕುಡಿದೆ. ಸಕ್ಕರೆ ಜಾಸ್ತಿ ಇತ್ತು.
ಹೆಂಡತೀನ ಕರ್ಕೊಂಡು ಬಾ ಅಂದಿದ್ದಾರೆ. ಅವಳಿಗೆ ಹುಣ್ಣಿಲ್ಲ. ಚರ್ಮ ಗಟ್ಟಿ ಇದೆ. ಅವಳಾದರೂ ಉಳೀಬಹುದು. ಬಸ್ಸಲ್ಲಿ ದಾರಿಯುದ್ದಕ್ಕೂ ಇದೊಂದನ್ನೇ ಅಂದುಕೊಂಡು ಬಂದೆ.

15-7-89, ಮಧ್ಯಾಹ್ನ
ಹೇಳಿಬಿಡಬೇಕು ಅಂತ ಎದುರಿಗೆ ಕೂತೆ. ಅಂಜಿನಮ್ಮ ಅಕ್ಕಿ ಆರಿಸ್ತಿದ್ದಳು. ಅವಳೇ ಶುರು ಮಾಡಿದಳು — “ಹರಳೆಣ್ಣೆ ಮುಗಿದೈತ್ರೀ. ಬರಾವಾಗ ತರ್ರಿ.”
ನಾನು ಹಚ್ಚಿ ಮೂರು ತಿಂಗಳಾಯ್ತಲ್ಲ ಅಂದೆ.
ಮೊರದಿಂದ ತಲೆ ಎತ್ತಲಿಲ್ಲ. “ನನಗೂ ಉಷ್ಣ ಆಗೈತ್ರೀ. ಸಂಕ್ರಾಂತಿ ಆದಾಗ್ಲಿಂದ. ನಿಮಗೆ ಹೆಂಗೆ ಹೇಳಾದು ಅಂತ…”
ಲಾರಿ ಮೆಟ್ಟಿಲು ಹತ್ತಿದವಳಲ್ಲ ಇವಳು. ನಾನು ತಂದು ಅಂಟಿಸಿದ ಹುಣ್ಣು ಇದು; ಇವಳ ಚರ್ಮವೂ ಒಡೆದಿದೆ.